ಕಡತ ಒರೆಸಿದ್ರ ಹೋಗ್ತದ, ಇಮ್ಯಾಕ್ಸ್ ಒರೆಸಿದ್ದನ್ನೂ ಬರ್ಕೋತದ

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ‘ಕಡತ’ ಅಂತೀವಿ. ಸರ್ಕಾರಿ ಕಚೇರಿಯ ದಾರ ಕಟ್ಟಿದ ಕಾಗದದ ಕಟ್ಟಿಗೂ ಅದೇ ಹೆಸರು. ಅದಕ್ಕೂ ಹಿಂದೆ ಕಡತ ಅಂದ್ರೆ ಬಟ್ಟೆ. ದಪ್ಪ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಒಂದು ಕರಿ ಪುಸ್ತಕ ಆಗ್ತಿತ್ತು. ಬರೆಯೋದು ಬಳಪದಲ್ಲಿ. ವ್ಯಾಪಾರಸ್ಥರ ಲೆಕ್ಕ ಅದರಲ್ಲೇ ಇರ್ತಿತ್ತು, ಮಠಗಳಲ್ಲೂ ಅದರ ಬಳಕೆ ಇತ್ತು. ಬೇಡಾದ್ದನ್ನ ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಬಹಳ ಅನುಕೂಲದ ವಸ್ತು. ಆದರೆ ಒರೆಸಿದ ಮೇಲೆ ‘ಇಲ್ಲಿ ಮೊದಲು ಏನಿತ್ತು?’ ಅಂತ ಕೇಳಿದರೆ ಆ ಕಡತ ಬಾಯಿ ಬಿಡಲ್ಲ.

ಈ ಬರಹ ಆ ಪ್ರಶ್ನೆಯದ್ದು. ಇವತ್ತಿನ ಕಡತದಲ್ಲಿ ಅಳಿಸಿದ್ದು ಎಲ್ಲಿಗೆ ಹೋಗ್ತದೆ? ಎಲ್ಲ ತಂತ್ರಾಂಶಗಳಲ್ಲೂ ಅದಕ್ಕೆ ಅನ್‌ಡೂ ಅನ್ನೋ ಉತ್ತರ ಇದೆ. ಇಮ್ಯಾಕ್ಸ್ ಅನ್ನೋ ಹಳೇ ಎಡಿಟರ್ ಕೊಡೋ ಉತ್ತರ ಮಾತ್ರ ಎಷ್ಟು ವಿಚಿತ್ರ ಅಂದ್ರೆ, ಮೊದಲ ಸಲ ನೋಡಿದವರು ‘ಇದು ಕೆಟ್ಟಿದೆ’ ಅಂತಲೇ ತಿಳೀತಾರೆ. ಅದು ಕೆಟ್ಟಿಲ್ಲ. ಅದರ ಲೆಕ್ಕ ಬೇರೆ, ಅಷ್ಟೇ. ಆ ಲೆಕ್ಕ ನಮ್ಮ ಸಿಂಧನೂರಿನ ದಲಾಲಿ ಅಂಗಡಿಯ ಗುಮಾಸ್ತರಿಗೆ ಕಂಪ್ಯೂಟರ್ ಬರೋದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು ಅನ್ನೋದು ನನ್ನ ವಾದ.

ಇಮ್ಯಾಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಟೆಕೊ ಅನ್ನೋ ಇನ್ನೊಂದು ಎಡಿಟರಿಗೆ ಬರೆದ ಸಣ್ಣ ಸಣ್ಣ ಮ್ಯಾಕ್ರೋಗಳ ಗಂಟಾಗಿ ಅದು ಶುರುವಾಯ್ತು. ರಿಚರ್ಡ್ ಸ್ಟಾಲ್‌ಮನ್ ಅದರ ಮುಖ್ಯ ಕರ್ತೃ. ಈಗ ನಾವು ಬಳಸೋ ಗ್ನೂ ಇಮ್ಯಾಕ್ಸನ್ನ ಅವರು 1984ರಲ್ಲಿ ಹೊಸದಾಗಿ ಬರೆಯೋಕೆ ಕೂತರು, 1985ರಲ್ಲಿ ಅದು ಹೊರಗೆ ಬಂತು. ಬಳಸುವವರೇ ಅದನ್ನ ಬಿಚ್ಚಿ, ಲಿಸ್ಪ್ ಭಾಷೆಯಲ್ಲಿ ತಮಗೆ ಬೇಕಾದಂಗ ತಿದ್ದಿಕೊಳ್ಳಬಹುದು. ಕನ್ನಡ ಬರೆಯೋಕೆ ಹೊರಗಿನ ಯಾವ ತಂತ್ರಾಂಶವೂ ಬೇಡ. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎರಡೂ ಅದರ ಹೊಟ್ಟೆಯಲ್ಲೇ ಇವೆ.

ನಾನು ಈ ವಿಷಯ ಕೆದಕೋಕೆ ಕಾರಣ ಸಂತೆಕಲ್ಲೂರಿನ ಒಬ್ಬ ಹುಡುಗ. ಸಂಬಂಧದಲ್ಲಿ ನನಗೆ ಮಗನಾಗಬೇಕು, ಕಾಕಾ ಅಂತಾನೆ. ಸಂತೆಕಲ್ಲೂರು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿಗೆ ಸೇರಿದೆ. ಬೇಸಾಯದ ಮೇಲೆ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು. ಹಿಂಗಾಗಿ ಅಲ್ಲಿ ಬರೆಯೋದು, ಬರೆದದ್ದನ್ನ ಕಾಪಾಡೋದು ಹೊಸ ಚಟ ಏನಲ್ಲ. ಈ ಹುಡುಗನ ತಾಯಿಯ ತಂದೆ ಭಜನಿ ಪದದ ಒಂದು ನೋಟ್‌ಬುಕ್ ಬಿಟ್ಟು ಹೋಗಿದ್ರು. ಅಂಚು ಗೆದ್ದಲು ತಿಂದಿತ್ತು. ಹಾಳೆ ತಿರುವಿದರೆ ಪುಡಿ ಉದುರೋದು. ಟೈಪ್ ಮಾಡೋಕೆ ತಿರುವಿದ್ದಕ್ಕೇ ಕೆಲವು ಹಾಳೆ ಕೈಯಲ್ಲೇ ಮುರಿದವು. ಅಂದ್ರೆ ಆ ಹಾಳೆಗಳ ಮಟ್ಟಿಗೆ, ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದೇ ಈಗ ಮೂಲ.

ಅವನು ಮುತ್ಯಾ ಬರೆದಂಗೇ ಟೈಪ್ ಮಾಡಿದ್ದ. ಆಮೇಲೆ ಯಾರೋ ‘ಪುಸ್ತಕ ಮಾಡೋದಾದ್ರೆ ಭಾಷೆ ಶುದ್ಧ ಇರಲಿ’ ಅಂದ್ರಂತೆ. ಬ್ಯಾಡ ಅನ್ನೋದನ್ನೆಲ್ಲ ಬೇಡ ಮಾಡಿದ. ಮ್ಯಾಲ ಹೋಗಿ ಮೇಲೆ ಬಂತು, ದ್ಯಾವ್ರು ಹೋಗಿ ದೇವರು ಬಂತು. ಒಂದೊಂದು ಪದಕ್ಕೂ ಇಡೀ ಕಡತದ ಮೇಲೆ ಒಂದೊಂದು ಆಜ್ಞೆ, ಐದಾರು ನಿಮಿಷದ ಕೆಲಸ. ನಂತರ ಇನ್ನೆರಡು ಪದ ಟೈಪ್ ಮಾಡಿ, ಸೇವ್ ಮಾಡಿ, ಭಜನಿ ಮ್ಯಾಳದ ಹಿರಿಯರಿಗೆ ಓದಿ ಹೇಳಿದರೆ ಅವರು ಮುಖ ತಿರುವಿದ್ರು. ತಾಳಕ್ಕೆ ಕೂಡಲ್ಲ, ಇದು ನಮ್ಮ ಪದ ಅಲ್ಲ ಅಂದ್ರು.

ವಾಪಸ್ ಬ್ಯಾಡ ಅಂತ ಬದಲಿಸಿದರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಆಗಲ್ಲ. ಮುತ್ಯಾ ಕೆಲವು ಕಡೆ ತಾವೇ ‘ಬೇಡ’ ಅಂತ ಬರೆದಿದ್ರು. ಹಿಂದಕ್ಕೆ ಬದಲಿಸಿದರೆ ಅವೂ ಬ್ಯಾಡ ಆಗ್ತವೆ. ಯಾವುದು ಮುತ್ಯಾನ ಬೇಡ, ಯಾವುದು ಮೊಮ್ಮಗನ ಬೇಡ ಅಂತ ಕಡತದ ಮುಖ ನೋಡಿ ಹೇಳೋಕೆ ಬರಲ್ಲ. ಬದಲಾವಣೆಯ ಚರಿತ್ರೆಗೆ ಮಾತ್ರ ಅದು ಗೊತ್ತು. ಅನ್‌ಡೂ ಒಂದೇ ದಾರಿ. ಅದು ಕೈ ಕೊಟ್ಟಿದೆ ಅಂತ ಫೋನ್ ಬಂತು.

“ಕಾಕಾ, ಇದಕ್ಕ ಹುಚ್ಚು ಹಿಡದದ. ಅನ್‌ಡೂ ಒತ್ತಿದ್ರ ಹಿಂದಕ್ಕ ಹೋಗ್ತದ, ಆಮ್ಯಾಲ ತಿರುಗಿ ಒತ್ತಿದ್ರ ಅಳಿಸಿದ್ದೇ ವಾಪಸ್ ಬರ್ತದ. ಜೋಕಾಲಿ ಆಡ್ಲಿಕತ್ತದ.”

“ನಡುವ ಏನರ ಒತ್ತಿದ್ಯಾ?”

“ಏನಿಲ್ಲ. ಕೆಳಗ ಏನಾಗ್ಯದ ನೋಡಾಕ ಬಾಣದ ಕೀ ಒತ್ತಿದೆ, ಅಷ್ಟ.”

ಆ ‘ಅಷ್ಟ’ದಲ್ಲೇ ಎಲ್ಲ ಇದೆ. ಅದನ್ನ ಬಿಡಿಸಬೇಕಾದರೆ ಅನ್‌ಡೂ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಬೇಕು.

ಅನ್‌ಡೂ ಇದ್ದ ಮೊದಮೊದಲ ವ್ಯವಸ್ಥೆಗಳಲ್ಲಿ ಒಂದು ಫ್ರೆಸ್. 1968ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಆಂಡ್ರಿಸ್ ವಾನ್ ಡ್ಯಾಮ್ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿದ್ದು. ಮುಂದೆ ವಾರೆನ್ ಟೈಟಲ್‌ಮನ್ ಅನ್ನೋರು ಲಿಸ್ಪ್ ಬರೆಯುವವರ ಸಲುವಾಗಿ, ಕೊಟ್ಟ ಆಜ್ಞೆಗಳ ಚರಿತ್ರೆ ಇಟ್ಟುಕೊಂಡು ಬೇಕಾದ್ದನ್ನ ಹಿಂದಕ್ಕೆ ತಿರುಗಿಸೋ ಏರ್ಪಾಟು ಮಾಡಿದರು. ಆ ಕಾಲದಲ್ಲಿ ಯಂತ್ರದ ಮೆಮೊರಿ ಅಂದ್ರೆ ಬಂಗಾರ. ಹಿಂಗಾಗಿ ಒಂದೇ ಹೆಜ್ಜೆಯ ಅನ್‌ಡೂಗೆ ಸಮಾಧಾನ ಪಟ್ಟವರೇ ಹೆಚ್ಚು. 1976ರಲ್ಲಿ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ಬರೆದ ವಿಐ ಎಡಿಟರಿನಲ್ಲಿ ಯು ಒತ್ತಿದರೆ ಕೊನೆಯ ಬದಲಾವಣೆ ಹೋಗ್ತದೆ, ಇನ್ನೊಮ್ಮೆ ಯು ಒತ್ತಿದರೆ ಅದೇ ತಿರುಗಿ ಬರ್ತದೆ. ಅದಕ್ಕಿಂತ ಹಿಂದಕ್ಕೆ ಹೋಗೋ ದಾರಿ ಇಲ್ಲ. ನಿಜವಾದ ಜೋಕಾಲಿ ಅಂದ್ರೆ ಅದು.

ಮೆಮೊರಿ ಅಗ್ಗ ಆದ ಮೇಲೆ ಎಲ್ಲರೂ ಹಲವು ಹೆಜ್ಜೆಯ ಅನ್‌ಡೂ ತಂದರು, ಜೊತೆಗೆ ರೀಡೂ ಬಂತು. ನಮ್ಮಲ್ಲಿ ಬಹಳ ಜನರಿಗೆ ರೂಢಿ ಇರೋದು ಇದೇ. ಕಂಟ್ರೋಲ್-ಜಡ್ ಹಿಂದಕ್ಕೆ, ಕಂಟ್ರೋಲ್-ವೈ ಮುಂದಕ್ಕೆ. ನೋಡೋಕೆ ನೆಟ್ಟಗಿನ ದಾರಿ. ಆದರೆ ಅದರಲ್ಲಿ ಒಂದು ಗುಂಡಿ ಇದೆ. ಐವತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಅಲ್ಲಿ ಕೈ ತಾಗಿ ಒಂದು ಖಾಲಿ ಜಾಗ ಬಿತ್ತು ಅನ್ನಿ. ಮುಂದಿನ ಐವತ್ತು ಹೆಜ್ಜೆ ಆ ಕ್ಷಣಕ್ಕೆ ಕಾಣೆ. ಹಿಂದಕ್ಕೆ ಹೋಗಿ ಹೊಸದೇನಾದರೂ ಮಾಡಿದರೆ ಬಿಟ್ಟುಬಂದ ದಾರಿಯನ್ನ ತಂತ್ರಾಂಶವೇ ಒರೆಸಿ ಹಾಕ್ತದೆ. ಬಳಪದ ಕಡತದ ಗುಣ ಇದು.

ಇಮ್ಯಾಕ್ಸ್ ಈ ಗುಂಡಿಗೆ ಬೀಳಲ್ಲ. ಅದರ ಮೂಲ ಅನ್‌ಡೂನಲ್ಲಿ ರೀಡೂ ಅನ್ನೋದೇ ಇಲ್ಲ. ತೆರೆದಿರೋ ಒಂದೊಂದು ಬಫರಿಗೂ, ಅಂದ್ರೆ ಪರದೆ ಮೇಲಿನ ಪ್ರತಿಯೊಂದು ಪಠ್ಯಕ್ಕೂ, ಒಂದೊಂದು ಪಟ್ಟಿ ಇರ್ತದೆ. ಹೆಸರು ಬಫರ್-ಅನ್‌ಡೂ-ಲಿಸ್ಟ್. ಮಾಡಿದ್ದೆಲ್ಲ ಅದರಲ್ಲಿ ದಾಖಲಾಗ್ತದೆ. ಆ ಪಟ್ಟಿಯನ್ನ ತೆಗೆದು ನೋಡಿದಾಗ ನನಗೆ ಬಹಳ ಖುಷಿಯಾಗಿದ್ದು ಒಂದು ಸಣ್ಣ ಸಂಗತಿಗೆ. ನೀವು ಏನಾದರೂ ಸೇರಿಸಿದರೆ ಪಟ್ಟಿಯಲ್ಲಿ ಎರಡೇ ಅಂಕಿ ಬೀಳ್ತವೆ: ಎಲ್ಲಿಂದ, ಎಲ್ಲಿಯ ತನಕ. ಪಠ್ಯ ಕಣ್ಣ ಮುಂದೇ ಇದೆಯಲ್ಲ, ಜಾಗದ ಗುರುತು ಸಾಕು. ಅಳಿಸಿದರೆ ಮಾತ್ರ ಅಳಿಸಿದ ಪಠ್ಯ ಅಕ್ಷರ ಬಿಡದೆ ಪಟ್ಟಿಗೆ ಹೋಗ್ತದೆ, ಇಂಥ ಜಾಗದಲ್ಲಿತ್ತು ಅನ್ನೋ ಗುರುತಿನ ಸಮೇತ.

ಇನ್ನು ಅನ್‌ಡೂ. ಇಮ್ಯಾಕ್ಸಿನ ಕಣ್ಣಿಗೆ ಅದೂ ಒಂದು ಬದಲಾವಣೆ. ಬೇಡ ಹೋಗಿ ಬ್ಯಾಡ ಬಂತು ಅಂದ್ರೆ ಅದೂ ಪಟ್ಟಿಯ ತುದಿಗೆ ಹೊಸ ನಮೂದಾಗಿ ಸೇರ್ತದೆ. ಬಿಡದೆ ಅನ್‌ಡೂ ಒತ್ತುತ್ತಾ ಹೋದರೆ ಹಿಂದಕ್ಕೆ ಹಿಂದಕ್ಕೆ ಹೋಗ್ತೀರಿ. ನಡುವೆ ಬೇರೆ ಏನೇ ಮಾಡಿದರೂ, ಬಾಣದ ಕೀ ಒತ್ತಿದರೂ, ಆ ಸರಪಳಿ ಮುರೀತದೆ. ಆಮೇಲೆ ಒತ್ತಿದ ಅನ್‌ಡೂ ಪಟ್ಟಿಯ ತುದಿಯಿಂದ ಮತ್ತೆ ಶುರು. ತುದಿಯಲ್ಲಿ ಇರೋದು ಈಗಷ್ಟೇ ಮಾಡಿದ ಅನ್‌ಡೂಗಳು. ಹಿಂಗಾಗಿ ಮೊದಲು ಅವೇ ತಿರುಗಿ ಬೀಳ್ತವೆ. ಹುಡುಗ ಜೋಕಾಲಿ ಅಂದದ್ದು ಇದನ್ನ.

ಈಗ ದಲಾಲಿ ಅಂಗಡಿಗೆ ಬನ್ನಿ. ಕಿರ್ದಿಯಲ್ಲಿ ದಿನದ ವ್ಯವಹಾರ ಬರೀತಾರೆ, ಅಲ್ಲಿಂದ ಖಾತೆಗೆ ಏರಿಸ್ತಾರೆ. ಒಬ್ಬ ರೈತನ ಹೆಸರಿಗೆ ಹಾಕಬೇಕಾದ ಭತ್ತದ ರೊಕ್ಕ ಇನ್ನೊಬ್ಬನ ಖಾತೆಗೆ ಬಿತ್ತು ಅನ್ನಿ. ನೆಟ್ಟಗಿನ ಗುಮಾಸ್ತ ಅದನ್ನ ಕೆರೆದು ತೆಗೆಯಲ್ಲ. ಕೆರೆದ ಗುರುತು ಇರೋ ಕಿರ್ದಿಯನ್ನ ಯಾವ ಸಾಹುಕಾರನೂ ನಂಬಲ್ಲ. ಜಮಾ ಆದಷ್ಟನ್ನೇ ಖರ್ಚಿಗೆ ಹಾಕಿ ಆ ತಪ್ಪನ್ನ ಸರಿದೂಗಿಸೋ ಇನ್ನೊಂದು ನಮೂದು ಬರೀತಾನೆ, ಆಮೇಲೆ ಸರಿಯಾದ ಖಾತೆಗೆ ಬರೀತಾನೆ. ತಪ್ಪೂ ಉಳೀತು, ತಿದ್ದಿದ್ದೂ ಉಳೀತು, ಬಾಕಿ ಸರಿಹೋಯ್ತು. ನಾಳೆ ತಿದ್ದುಪಡಿಯೇ ತಪ್ಪು ಅಂತ ಗೊತ್ತಾದರೆ? ಅದಕ್ಕೂ ಎದುರಾಗಿ ಇನ್ನೊಂದು ನಮೂದು. ಕಿರ್ದಿ ಯಾವಾಗಲೂ ಮುಂದಕ್ಕೇ ಹೋಗ್ತದೆ. ಇಮ್ಯಾಕ್ಸಿನ ಅನ್‌ಡೂ ಇದಕ್ಕಿಂತ ಒಂದಕ್ಷರ ಬೇರೆ ಅಲ್ಲ.

ಬರೆದದ್ದನ್ನ ಒರೆಸೋಕಾಗದ ಕಡೆ ನಮ್ಮವರು ಏನು ಮಾಡ್ತಿದ್ರು ಅನ್ನೋದೂ ಇದೇ ಕತೆಗೆ ಸೇರಿದ್ದು. ತಾಳೆಗರಿಯಲ್ಲಿ ಕಂಠದಿಂದ ಕೊರೆದ ಗೀರನ್ನ ಒರೆಸೋಕೆ ಬರಲ್ಲ. ಬಿಟ್ಟುಹೋದ ಅಕ್ಷರವನ್ನ ಸಾಲಿನ ಮೇಲೋ ಅಂಚಿನಲ್ಲೋ ಬರೆದು, ಅದು ಸೇರಬೇಕಾದಲ್ಲಿ ಹಂಸಪಾದ ಹಾಕ್ತಿದ್ರು. ಪ್ರತಿ ಮಾಡಿದವನ ತಪ್ಪು, ತಿದ್ದಿದವನ ಕೈ ಎರಡೂ ಓದೋರಿಗೆ ಕಾಣ್ತವೆ.

ಕಲ್ಲಿನದ್ದು ಇನ್ನೂ ಕಠಿಣ. ಸಂತೆಕಲ್ಲೂರಿನವರಿಗೆ ಅಶೋಕನ ಶಾಸನ ಅಂದ್ರೆ ನೆರೆಮನೆ ಇದ್ದಂಗ. ಮಸ್ಕಿಯ ಬಂಡೆಯನ್ನ 1915ರಲ್ಲಿ ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅನ್ನೋ ಬಿರುದುಗಳೇ ಇದ್ದವು, ಮಸ್ಕಿಯ ಕಲ್ಲಿನಲ್ಲಿ ಅಶೋಕ ಅನ್ನೋ ಹೆಸರೇ ಸಿಕ್ಕಿತು. ಬ್ರಾಹ್ಮಿ ಲಿಪಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಈ ಪ್ರಿಯದರ್ಶಿಯನ್ನ ಮೊದಲು ಸಿಂಹಳದ ಅರಸ ಅಂತ ಎಣಿಸಿದ್ರು. ಜಾರ್ಜ್ ಟರ್ನರ್ ಸಿಂಹಳದ ಪಾಳಿ ಗ್ರಂಥಗಳಿಂದ ಆಧಾರ ತೆಗೆದು ತೋರಿಸಿದ ಮೇಲೆ ಅದನ್ನ ತಿದ್ದಿಕೊಂಡ್ರು. ಅವರ ಮೊದಲ ಊಹೆ, ಆಮೇಲಿನ ತಿದ್ದುಪಡಿ ಎರಡೂ ಅಚ್ಚಿನಲ್ಲಿ ಉಳಿದಿವೆ. ಹಂಗಾಗೇ ನಮಗೆ ಈ ಕತೆ ಗೊತ್ತು.

ಆದರೆ ನನ್ನ ಮನಸ್ಸು ನಿಲ್ಲೋದು ಅಶೋಕನ 14ನೇ ಬಂಡೆಗಲ್ಲು ಶಾಸನದ ಮೇಲೆ. ಅದರ ಒಂದಷ್ಟು ಭಾಗ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಈ ಬರಹಗಳಲ್ಲಿ ಅಲ್ಲಲ್ಲಿ ಅಪೂರ್ಣ ಇರಬಹುದು, ಲಿಪಿಕಾರನ ತಪ್ಪಿನಿಂದಲೂ ಹಂಗಾಗಿರಬಹುದು ಅಂತ ಅದರಲ್ಲಿ ಚಕ್ರವರ್ತಿಯೇ ಹೇಳ್ತಾನೆ. ತಿದ್ದೋಕೆ ಬರದ ಕಡೆ, ತಪ್ಪಿರಬಹುದು ಅನ್ನೋದನ್ನೇ ಕೊರೆಸಿ ಇಟ್ಟ. ಕರ್ನೂಲು ಕಡೆಯ ಎರ್ರಗುಡಿಯ ಕಿರುಶಾಸನದಲ್ಲಂತೂ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ. ಓದೋರು ತಲೆ ಕೆರ್ಕೋಬೇಕು. ಅದೂ ಹಂಗೇ ಉಳಿದಿದೆ.

ಸನ್ನತಿಯ ಕಲ್ಲಿಗೆ ಇನ್ನೊಂದು ಗತಿ ಆಗಿತ್ತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಅದೇ ಪೀಠ. 1986ರಲ್ಲಿ ಆ ಗುಡಿಯ ಛಾವಣಿ ಕುಸಿದು ಮೂರ್ತಿ ಉರುಳಿದಾಗಲೇ ಕೆಳಗಿದ್ದ ಬರಹ ಬೆಳಕಿಗೆ ಬಂದದ್ದು. ಮೂರ್ತಿ ಕೂರಿಸೋಕೆ ಯಾರೋ ಯಾವಾಗಲೋ ನಡುವೆ ತೂತು ಕೊರೆದಿದ್ರು, ಅಲ್ಲಿದ್ದ ಅಕ್ಷರ ಹೋದವು. ಅಂಥ ನಷ್ಟಕ್ಕೆ ಅನ್‌ಡೂ ಇಲ್ಲ. 14ನೇ ಶಾಸನದ ಪ್ರತಿಗಳು ಗಿರ್ನಾರ, ಕಾಲ್ಸಿಯಂಥ ದೂರದ ಬಂಡೆಗಳ ಮೇಲೂ ಇದ್ದದ್ದರಿಂದ ಅದರ ಪೂರ್ತಿ ಪಾಠ ನಮಗೆ ಗೊತ್ತು. ಬ್ಯಾಕಪ್ ಅಂದ್ರೆ ಹಿಂಗಿರಬೇಕು, ಗುಜರಾತಿನಲ್ಲಿ ಒಂದು, ಹಿಮಾಲಯದ ಬುಡದಲ್ಲಿ ಒಂದು.

ಹುಡುಗನ ಕತೆಗೆ ಬರ್ತೀನಿ. ಮೊದಲು ಕೇಳಿದ್ದು ಇಮ್ಯಾಕ್ಸ್ ಮುಚ್ಚಿದ್ದೀಯಾ ಅಂತ. ಇಲ್ಲ ಅಂದ. ಜೀವ ಬಂತು. ಸೇವ್ ಮಾಡಿದರೆ ಆ ಪಟ್ಟಿಗೆ ಏನೂ ಆಗಲ್ಲ, ಬಫರ್ ಮುಚ್ಚಿದರೆ ಮಾತ್ರ ಅದು ಹೋಗ್ತದೆ. ಕರೆಂಟ್ ಇದೆಯಾ ಅಂತ ಕೇಳಿದೆ. “ಹೋಗ್ಯದ, ಬ್ಯಾಟರಿ ಮ್ಯಾಲ ನಡದದ” ಅಂದ.

ಹೊಸದಾಗಿ ಟೈಪ್ ಮಾಡಿದ ಎರಡು ಪದ ನಕಲು ಮಾಡಿ ಬೇರೆ ಕಡತಕ್ಕೆ ಹಾಕಿಸಿದೆ. ಆಮೇಲೆ ಕಂಟ್ರೋಲ್-ಸ್ಲ್ಯಾಶ್ ಬಿಟ್ಟು ಯಾವ ಕೀನೂ ಮುಟ್ಟಬ್ಯಾಡ, ಒತ್ತುತ್ತಾ ಇರು ಅಂದೆ. ಮೊದಲು ಅವನ ಹಳೇ ಅನ್‌ಡೂಗಳು ತಿರುಗಿ ಬಿದ್ದವು. “ಕಾಕಾ, ಮತ್ತ ಅದೇ” ಅಂದ. ಒತ್ತು ಅಂದೆ. ಜೋಕಾಲಿ ಮುಗಿದ ಮೇಲೆ ಪಟ್ಟಿ ಅದಕ್ಕಿಂತ ಹಿಂದಕ್ಕೆ ಹೋಗಲೇಬೇಕು, ಬೇರೆ ದಾರಿ ಇಲ್ಲ ಅದಕ್ಕೆ. ಹೊಸ ಎರಡು ಪದ ತುಣುಕು ತುಣುಕಾಗಿ ಕರಗಿದವು. ಒಂದೇ ಸವನೆ ಟೈಪ್ ಮಾಡಿದ್ದನ್ನ ಇಮ್ಯಾಕ್ಸ್ ಇಪ್ಪತ್ತರ ತನಕ ಗುಂಪು ಮಾಡಿ ಒಂದು ಹೆಜ್ಜೆ ಅಂತ ಎಣಿಸ್ತದೆ. ಇಂಗ್ಲಿಷಿಗೆ ಅದು ಮೂರು ನಾಲ್ಕು ಪದ ಆದೀತು. ಕನ್ನಡದ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಆರು. ಹಿಂಗಾಗಿ ನಮ್ಮ ಹೆಜ್ಜೆ ಗಿಡ್ಡ, ಹೆಚ್ಚು ಸಲ ಒತ್ತಬೇಕು. ಹೊಸ ಪದ ಮುಗಿದವು. ದೇವರು ಹೋಗಿ ದ್ಯಾವ್ರು ಬಂದ್ರು. ಮೇಲೆ ಹೋಗಿ ಮ್ಯಾಲ ಬಂತು. ಕೊನೆಗೆ ಬ್ಯಾಡ. ನಿಲ್ಲು ಅಂದೆ. ಇನ್ನೂ ಒತ್ತಿದರೆ ಮುತ್ಯಾನ ಪದಗಳೂ ಕರಗೋಕೆ ಶುರುವಾಗ್ತಿದ್ದವು. ಹಂಗಾಗಿದ್ರೂ ಹೆದರಿಕೆ ಇರಲಿಲ್ಲ, ಸರಪಳಿ ಮುರಿದು ಒತ್ತಿದರೆ ಅವೂ ವಾಪಸ್ ಬರ್ತಿದ್ದವು. ಅಲ್ಲಿಗೇ ಬೇರೆ ಹೆಸರಲ್ಲಿ ಸೇವ್ ಮಾಡಿಸಿದೆ.

ಇದೇ ತೊಂದರೆ ನಿಮಗೂ ಬಂದಿದ್ರೆ ಇನ್ನೂ ಕೆಲವು ಕಾರಣ ಹುಡುಕಬೇಕಾಗ್ತದೆ. ಪಠ್ಯದ ಒಂದು ಭಾಗ ಆಯ್ಕೆಯಾಗಿ ಬಣ್ಣ ತಿರುಗಿದ್ದಾಗ ಅನ್‌ಡೂ ಒತ್ತಿದರೆ ಇಮ್ಯಾಕ್ಸ್ ಆ ಭಾಗದ ಬದಲಾವಣೆಗಳನ್ನ ಮಾತ್ರ ಹಿಂದಕ್ಕೆ ತಿರುಗಿಸ್ತದೆ, ಉಳಿದದ್ದನ್ನ ಮುಟ್ಟಲ್ಲ. ಗೊತ್ತಿದ್ದು ಬಳಸಿದರೆ ಬಹಳ ಉಪಯೋಗ, ಗೊತ್ತಿಲ್ಲದಿದ್ರೆ ತಲೆನೋವು. ಕಂಟ್ರೋಲ್-ಜಿ ಒತ್ತಿ ಆಯ್ಕೆ ಬಿಡಿಸಿ ನೋಡಿ. ಪಟ್ಟಿಗೆ ಮಿತಿಯೂ ಇದೆ. ಅನ್‌ಡೂ-ಲಿಮಿಟ್ ಈಗಿನ ಆವೃತ್ತಿಗಳಲ್ಲಿ 1,60,000, ಅದರ ಮೇಲೆ 2,40,000ದ ಇನ್ನೊಂದು ಬೇಲಿ. ಮಿತಿ ದಾಟಿದರೆ ಹಳೇ ತುದಿಯಿಂದ ಕತ್ತರಿ ಬೀಳ್ತದೆ. ದೊಡ್ಡ ಕಡತಗಳ ಮೇಲೆ ಕೆಲಸ ಮಾಡೋರು ಆ ಅಂಕಿಗಳನ್ನ ಏರಿಸಿಕೊಳ್ಳೋದು ಒಳ್ಳೇದು. ಜೋಕಾಲಿಯೇ ಬೇಡ ಅನ್ನೋರಿಗೆ 2022ರ 28ನೇ ಆವೃತ್ತಿಯಿಂದ ಅನ್‌ಡೂ-ರೀಡೂ ಅನ್ನೋ ಆಜ್ಞೆ ಸಿಕ್ಕಿದೆ. ಅನ್‌ಡೂ-ಓನ್ಲಿ ಜೊತೆಗೆ ಬಳಸಿದರೆ ಬೇರೆ ತಂತ್ರಾಂಶದ ರೂಢಿಯೇ ಬಂದಂಗ. ಕವಲೊಡೆದ ಚರಿತ್ರೆಯನ್ನ ಗಿಡದ ಚಿತ್ರವಾಗಿ ತೋರಿಸೋ, ಟೋಬಿ ಕ್ಯೂಬಿಟ್ ಬರೆದ ಅನ್‌ಡೂ-ಟ್ರೀ ಕೂಡ ಇದೆ. ನನಗೆ ಹಳೇದೇ ಸಾಕು.

ಒಂದು ಕೊರತೆ ಮಾತ್ರ ಒಪ್ಪಿಕೊಳ್ಳಬೇಕು. ಇಷ್ಟೆಲ್ಲ ನಿಯತ್ತಿನ ಕಿರ್ದಿ ಅಂಗಡಿ ಮುಚ್ಚಿದ ಕೂಡಲೇ ಸುಟ್ಟುಹೋಗ್ತದೆ. ಇಮ್ಯಾಕ್ಸ್ ತಾನಾಗಿ ಆಗಾಗ ಪಠ್ಯವನ್ನ ಉಳಿಸಿಕೊಳ್ತದೆ, ಹೆಸರಿನ ಕೊನೆಗೆ ಅಲೆಗೆರೆ ಹಾಕಿ ಹಳೇ ಪ್ರತಿಯೊಂದನ್ನೂ ಇಡ್ತದೆ. ಆದರೆ ಅದು ಆ ಸಲ ಕಡತ ತೆರೆದಾಗ ಇದ್ದ ಪ್ರತಿ, ನಡುವಿನ ಹೆಜ್ಜೆಗಳು ಅದರಲ್ಲಿ ಇರಲ್ಲ. ವಿಐ ವಂಶದ ವಿಮ್ 2010ರ 7.3ನೇ ಆವೃತ್ತಿಯಲ್ಲೇ ಅನ್‌ಡೂ ಚರಿತ್ರೆಯನ್ನ ಡಿಸ್ಕಿಗೆ ಬರೆದಿಡೋದು ಕಲಿತಿತು. ಇಮ್ಯಾಕ್ಸಿಗೆ ಅದನ್ನ ಹೊರಗಿನ ಪ್ಯಾಕೇಜಿನಿಂದ ಕಲಿಸಬೇಕು. ಹುಡುಗನಿಗೆ ಅದನ್ನ ಹಾಕಿಕೊಟ್ಟೆ, ಗಿಟ್ ಕೂಡ ಕಲಿಸಿದೆ.

ಈಗ ಅವನ ಹತ್ರ ಎರಡು ಕಡತ ಇವೆ. ಒಂದರ ಹೆಸರು ಮುತ್ಯಾ, ಅದನ್ನ ಓದಬಹುದು, ತಿದ್ದಂಗಿಲ್ಲ. ಇನ್ನೊಂದರಲ್ಲಿ ಪುಸ್ತಕಕ್ಕೆ ಏನು ಬೇಕೋ ಅದನ್ನೆಲ್ಲ ಮಾಡ್ತಾನೆ. ಮೊನ್ನೆ ಮತ್ತೊಂದು ಪ್ರಶ್ನೆ ತಂದಿದ್ದ. ನೋಟ್‌ಬುಕ್ಕಿನಲ್ಲಿ ಅಲ್ಲಲ್ಲಿ ಮುತ್ಯಾ ತಾವೇ ಒಂದು ಪದ ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕಕ್ಕೆ ಬೇರೆ ಪದ ಬರೆದಿದ್ದಾರಂತೆ. ಗೆರೆಯ ಕೆಳಗಿನ ಪದ ಇನ್ನೂ ಓದೋಕೆ ಬರ್ತದೆ. ಅದನ್ನೂ ಟೈಪ್ ಮಾಡ್ಲ್ಯಾ ಅಂದ. ಮಾಡು, ಹೊಡೆದು ಹಾಕಿದ್ದು ಅಂತ ಪಕ್ಕಕ್ಕ ಗುರುತು ಹಾಕಿ ಮಾಡು ಅಂದೆ.